ಐದು ಗಂಟೆಗೆ ಬೀಗ

ಜನವರಿ 14, ಮಂಗಳವಾರ

ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್. ಉತ್ತರದ ಗಾಳಿ. ಓಟ್ಸ್ ಗಂಜಿ. ಒಂದು ಬಟ್ಟಲು, ಒಂದು ಚಮಚ, ತೊಳೆದು ಬೋರಲು ಹಾಕಿದ್ದಾಯಿತು. ಪಿಕಪ್ ಗಾಡಿ ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು.

ಹವೆ ಮೊದಲು ಬರೆಯೋದು ಹಳೇ ಚಾಳಿ. ರೈಲು ಹಳಿ ಪಕ್ಕದ ಸಿಮೆಂಟ್ ಕಣಜದಲ್ಲಿ ಮೂವತ್ತೆಂಟು ವರ್ಷ ದಿನಾ ಬರೆದದ್ದು ಇದನ್ನೇ — ಹವೆ, ಗಾಳಿ, ಗೋಧಿಯ ತೇವ, ಎಷ್ಟು ಲಾರಿ ಬಂತು. ಈಗ ಲಾರಿ ಇಲ್ಲ. ಕಾಲೇಜು ಇದೆ. ಅರವತ್ತೈದು ದಾಟಿದವರಿಗೆ ಫೀಸಿಲ್ಲ. ಹೆಂಡತಿ ನಡೀನ್ ತೀರಿಹೋದ ಮೇಲಿನ ಜನವರಿಯಲ್ಲಿ ಒಂದು ಕ್ಲಾಸಿಗೆ ಸೇರಿದೆ, ಆಮೇಲೆ ಎರಡಕ್ಕೆ. ಬೆಚ್ಚಗಿನ ಕೋಣೆ, ಸುತ್ತ ಜನ. ಅಷ್ಟೇ ಕಾರಣ ಅಂತ ಗೆಳೆಯ ಲೈಲ್‌ಗೆ ಹೇಳಿದ್ದೇನೆ.

ನಾಲ್ಕಕ್ಕೆ ಆನರ್ ಸೊಸೈಟಿ ಮೀಟಿಂಗ್. ಒಳ್ಳೇ ಮಾರ್ಕ್ಸ್ ಬಂದವರ ಸಂಘ. ನನ್ನನ್ನು ಸೇರಿಸಿಕೊಂಡದ್ದು ನವೆಂಬರ್‌ನಲ್ಲಿ. ಕೈಗೊಂದು ಮೇಣದಬತ್ತಿ ಕೊಟ್ಟು ಪ್ರತಿಜ್ಞೆ ಹೇಳಿಸಿದ್ದರು. ಮೇಣ ಬೆರಳ ಮೇಲೆ ಬಿತ್ತು. ಸುಮ್ಮನಿದ್ದೆ. ಪಕ್ಕದ ಹುಡುಗಿ ಕಿರುಚಿದಳು.

ಟಾಪಿಕ್ ಬಿಟ್ಟು ಹೋಯಿತು. 1974ರಲ್ಲಿ ಇದೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಹೇಳಿದ್ದು ಒಂದೇ ನೆನಪು: ಒಂದು ಪ್ಯಾರಾಕ್ಕೆ ಒಂದು ವಿಷಯ, ಮೊದಲ ಸಾಲಿನಲ್ಲೇ ಟಾಪಿಕ್ ಸೆಂಟೆನ್ಸ್. ಸರಿ. ಟಾಪಿಕ್ ಸೆಂಟೆನ್ಸ್: ನನ್ನನ್ನು ಎಲೆಕ್ಷನ್‌ಗೆ ನಿಲ್ಲಿಸಿದ್ದಾರೆ.

ಆದದ್ದು ಹೀಗೆ. ಸಂಘ ನೋಡಿಕೊಳ್ಳುವ ಟೀಚರ್ ರೂಥಾನ್ ಓಬರ್ಲಿ ಕೇಳಿದರು, "ಮಾರ್ಚ್‌ನಲ್ಲಿ ರಾಜ್ಯ ಸಮಾವೇಶ. ಪಶ್ಚಿಮ ವಲಯದ ಉಪಾಧ್ಯಕ್ಷರ ಜಾಗ ಖಾಲಿ ಇದೆ. ಹನ್ನೆರಡು ವರ್ಷದಿಂದ ನಮ್ಮಿಂದ ಒಬ್ಬರೂ ನಿಂತಿಲ್ಲ. ಯಾರಾದ್ರೂ?"

ಉಳಿದ ಎಂಟೂ ಜನ ಮೇಜು ನೋಡಿದರು. ನಾನು ಕಾಫಿ ಹಾಕಿಕೊಳ್ಳಲು ಎದ್ದೆ. ತಪ್ಪಾಯಿತು. ಎದ್ದವನು ಕಣ್ಣಿಗೆ ಬೀಳುತ್ತಾನೆ.

"ಮಿಸ್ಟರ್ ಪ್ರೂಯಿಟ್ ನಿಲ್ಲಲಿ," ಅಂದಳು ಮರಿಸೆಲಾ. ಮರಿಸೆಲಾ ಉರುತಿಯಾ, ನಮ್ಮ ಅಧ್ಯಕ್ಷೆ, ಇಪ್ಪತ್ತೊಂದು ವಯಸ್ಸು.

"ಸೆಕೆಂಡ್," ಅಂತ ಅನುಮೋದಿಸಿದ ಒಬ್ಬ, ಬಾಯಲ್ಲಿ ಚಿಪ್ಸ್.

"ನಾನಾ? ಜೂನ್‌ಗೆ ಅರವತ್ತೊಂಬತ್ತು ನನಗೆ."

"ಗೊತ್ತು. ಮನೇಲಿ ಮಕ್ಕಳಿಗೆ ಊಟ ಹಾಕ್ಬೇಕಾ ನೀವು? ಶಿಫ್ಟ್ ಇದೆಯಾ? ಇಲ್ಲ. ನಮಗೆಲ್ಲ ಇದೆ," ಅಂದಳು ಮರಿಸೆಲಾ.

ಕಾಫಿ ಹಾಕಿಕೊಂಡು ಬಂದು ಕೂತೆ.

ಜನವರಿ 21, ಮಂಗಳವಾರ

ಹಿಮ ನಾಲ್ಕು ಇಂಚು. ಎಲೆಕ್ಷನ್ ಫಾರ್ಮ್ ಭರ್ತಿ ಮಾಡಿದೆ. ಓದುತ್ತಿರುವ ವಿದ್ಯಾರ್ಥಿಯಾಗಿರಬೇಕು, ಇಲ್ಲಿಯವರೆಗೆ ಯಾವ ಡಿಗ್ರಿಯನ್ನೂ ಪಡೆದಿರಬಾರದು. ಎರಡಕ್ಕೂ ಟಿಕ್ ಹಾಕಿದೆ. ಎರಡನೆಯದು ನನ್ನಷ್ಟು ಸುಲಭವಾಗಿ ಯಾರೂ ಹಾಕಿರಲಿಕ್ಕಿಲ್ಲ. 1976ರ ಮಾರ್ಚ್‌ನಲ್ಲಿ ಅಪ್ಪನ ಕಾಲು ಧಾನ್ಯ ಎತ್ತುವ ಮೆಶಿನ್‌ಗೆ ಸಿಕ್ಕಿತು, ನಾನು ಕಾಲೇಜು ಬಿಟ್ಟೆ. ಇಲ್ಲಿನ ಎರಡು ವರ್ಷದ ಡಿಗ್ರಿಗೆ ಅರವತ್ತು ಕ್ರೆಡಿಟ್ ಬೇಕಿತ್ತು, ಐವತ್ತೊಂದು ಆಗಿತ್ತು. ಕಳೆದ ವರ್ಷ ಕೌಂಟರ್‌ನಲ್ಲಿ ಕೇಳಿದರೆ ಆ ಹುಡುಗಿ ನಕ್ಕು, "ಅಷ್ಟು ಹಳೇದೆಲ್ಲ ನಡೆಯಲ್ಲ ಸರ್, ಮೊದಲಿಂದ ಶುರು ಮಾಡಿ," ಅಂದಿದ್ದಳು. ಶುರು ಮಾಡಿದೆ.

ಯಾಕೆ ನಿಲ್ಲುತ್ತಿದ್ದೇನೆ ಅಂತ ಹತ್ತು ಸಾಲು ಬರೆಯಬೇಕಂತೆ. ಅಲ್ಲೇ ಸಿಕ್ಕಿಕೊಂಡೆ. ಪೆನ್ ಹಿಡಿದು ಪಾರ್ಕಿಂಗ್‌ಗೆ ಹೋದರೆ ಮರಿಸೆಲಾಳ ಕಾರು ನಿಂತಿತ್ತು. ಒಳಗೆ ದೀಪ. ಸ್ಟಿಯರಿಂಗ್ ಮೇಲೆ ಪುಸ್ತಕ ಆನಿಸಿಕೊಂಡು ಆಲ್ಜೀಬ್ರಾ ಮಾಡ್ತಿದ್ದಾಳೆ. ಇಂಜಿನ್ ಆಫ್. ಉಸಿರು ಹೊಗೆ.

ಗಾಜು ತಟ್ಟಿದೆ. "ಒಳಗೆ ಕೂರಬಾರದಾ?"

"ಸ್ಟಡಿ ರೂಮ್ ಐದಕ್ಕೆ ಬೀಗ. ಮನೇಲಿ ತಮ್ಮಂದಿರು ಇಬ್ಬರು, ಟೀವಿ ಒಂದು. ಇಲ್ಲೇ ಒಳ್ಳೇದು."

"ಹೀಟರ್?"

"ಬ್ಯಾಟರಿ ಹೋಗುತ್ತೆ. ನಿಮಗೇನು, ಸ್ವೆಟರ್ ಮೇಲೆ ಸ್ವೆಟರ್."

ಬೆಳಗ್ಗೆ ಆರರಿಂದ ಎರಡರವರೆಗೆ ಅವಳಿಗೆ ವೃದ್ಧಾಶ್ರಮದಲ್ಲಿ ಕೆಲಸ. ಆಮೇಲೆ ಕ್ಲಾಸು. ಐದಕ್ಕೆ ಬೀಗ. ವಲಯದ ಉಪಾಧ್ಯಕ್ಷನಾದವನು ಪಶ್ಚಿಮದ ಏಳೂ ಕಾಲೇಜಿನ ಸಂಘಗಳು ಆ ವರ್ಷ ಯಾವ ಕೆಲಸಕ್ಕೆ ಕೈಹಾಕಬೇಕು ಅಂತ ಹೇಳಬಹುದು, ಡೀನ್‌ಗಳ ಮುಂದೆ ಕೂತು ಮಾತಾಡಬಹುದು.

ಗಾಡಿಯಲ್ಲಿ ಕೂತು ಹತ್ತು ಸಾಲು ಬರೆದೆ. ಒಂಬತ್ತು ಅನವಶ್ಯಕ. ಹತ್ತನೆಯದು: ರಾತ್ರಿ ಒಂಬತ್ತರವರೆಗೆ ಕೋಣೆ ತೆರೆದಿರಬೇಕು.

ಫೆಬ್ರವರಿ 4, ಮಂಗಳವಾರ

ಮೂವತ್ತು ಡಿಗ್ರಿ, ಗಾಳಿಯಿಲ್ಲ. ಕ್ಯಾಂಟೀನ್‌ನಲ್ಲಿ ಚಿಲಿ ಅನ್ನುವ ಬೀನ್ಸ್-ಮಾಂಸದ ಗೊಜ್ಜು, ಜೊತೆಗೆ ದಾಲ್ಚಿನ್ನಿ ರೋಲ್. ಎರಡೆರಡು ತಿಂದೆ.

ಮರಿಸೆಲಾ ಬ್ಯಾಡ್ಜ್ ಮಾಡಿಸಿದ್ದಾಳೆ. ಇನ್ನೂರು. ಮಧ್ಯೆ ಕಣಜದ ಚಿತ್ರ, ಸುತ್ತ ಬರಹ: ಪ್ರೂಯಿಟ್ — ಇನ್ನೂ ಮುಗಿಸಿಲ್ಲ.

"ಇದೇನು, ಸೋಮಾರಿ ಅಂದ ಹಾಗಿದೆ," ಅಂದೆ. ಡೆಲ್ಮರ್ ಅನ್ನೋದನ್ನ ಅವಳು ಈಗ ಬರೀ ಡಿ ಮಾಡಿದ್ದಾಳೆ.

"ಮಿಸ್ಟರ್ ಡಿ, ನಿಮ್ಮ ಎದುರಾಳಿ ಟ್ಯಾನರ್ ಫೋಲ್ಕ್ ಅಂತ. ಹತ್ತೊಂಬತ್ತು ವಯಸ್ಸು, ಹಲ್ಲು ನೋಡಿದ್ರೆ ಜಾಹೀರಾತು. ಚಾಕಲೇಟ್ ಹಂಚ್ತಾನಂತೆ. ನಮ್ಮ ಹತ್ರ ಇರೋದು ಇದೊಂದೇ. ನೀವು ಮುದುಕ್ರು, ಮುಗಿಸಿಲ್ಲ. ಜನಕ್ಕೆ ನೆನಪಿರುತ್ತೆ."

ಕೋಟಿಗೆ ಚುಚ್ಚಿಕೊಂಡೆ. ಮನೆಗೆ ಬರುವಾಗ ಪೆಟ್ರೋಲ್ ಬಂಕಿನವನು ಕೇಳಿದ, "ಏನು ಮುಗಿಸಿಲ್ಲ?" "ಬಹಳ," ಅಂದೆ.

ಫೆಬ್ರವರಿ 13, ಗುರುವಾರ

ಹವೆ ನೋಡಲಿಲ್ಲ.

ಕಾಲೇಜಿನಿಂದ ದಪ್ಪ ಲಕೋಟೆ. ಮಡಚಬೇಡಿ ಅಂತ ಕೆಂಪು ಮುದ್ರೆ. ಪೋಸ್ಟಿನವನು ಮಡಚಿದ್ದ. ಒಳಗೆ ಡಿಗ್ರಿ.

ನನ್ನದು. ಡೆಲ್ಮರ್ ರೇ ಪ್ರೂಯಿಟ್. ಡಿಸೆಂಬರ್ ತಾರೀಖಿನಿಂದ ಪದವೀಧರ. ಜೊತೆಗೊಂದು ಪತ್ರ: ಹಳೆಯ ವಿದ್ಯಾರ್ಥಿಗಳ ಕ್ರೆಡಿಟ್ಟುಗಳನ್ನು ಹೊಸ ಕಂಪ್ಯೂಟರ್‌ನಲ್ಲಿ ಪರಿಶೀಲಿಸಲಾಗಿ, ನಿಮ್ಮವು ಐವತ್ತೊಂದು ಮತ್ತು ಒಂಬತ್ತು, ಒಟ್ಟು ಅರವತ್ತು. ಅಭಿನಂದನೆಗಳು!

ಆ ಆಶ್ಚರ್ಯಸೂಚಕವನ್ನೇ ನೋಡುತ್ತಾ ಕೂತೆ.

ನಡುಮನೆ ಗೋಡೆಯಲ್ಲಿ ನಡೀನ್‌ಳ ಡಿಗ್ರಿ ಇದೆ. 1976. ಅದೇ ವರ್ಷ ನಾನು ಬಿಟ್ಟದ್ದು, ಅವಳು ಮುಗಿಸಿದ್ದು. ನನ್ನ ಪೇಪರ್‌ಗಳನ್ನೆಲ್ಲ ಟೈಪ್ ಮಾಡಿಕೊಟ್ಟವಳೂ ಅವಳೇ, ಹಾಗೇ ಪರಿಚಯವಾದದ್ದು. ಕಾಮಾ ತಪ್ಪಿದ ಕಡೆಯೆಲ್ಲ ಪೆನ್ಸಿಲ್‌ನಿಂದ ಸಣ್ಣ ಗುಂಡು ಹಾಕುತ್ತಿದ್ದಳು. ಡಿಗ್ರಿ ಪಕ್ಕ ಇನ್ನೊಂದು ಮೊಳೆ ಹೊಡೆದಿದ್ದಳು. "ಅದು ನಿಂದಕ್ಕೆ," ಅಂದಳು. ಅದಕ್ಕೆ ನಾನು ಬೀಜದ ಕಂಪನಿ ಕ್ಯಾಲೆಂಡರ್ ತೂಗುಹಾಕಿದೆ. ಮೊಳೆ ಇದ್ದ ಮೇಲೆ... ನಲವತ್ತೆಂಟು ಕ್ಯಾಲೆಂಡರ್ ಆಯಿತು ಆ ಮೊಳೆಯ ಮೇಲೆ. ಕೊನೇ ವಾರ ಹಾಸಿಗೆಯಿಂದಲೇ ಕೇಳಿದಳು, "ಮುಗಿಸ್ತೀಯಾ?" "ಮುಗಿಸ್ತೀನಿ," ಅಂದೆ. ಬೇರೇನಾದರೂ ಕೇಳಿದ್ದರೂ ಹೂಂ ಅನ್ನುತ್ತಿದ್ದೆ. ಕೇಳಿದ್ದು ಅದನ್ನೇ.

ಕ್ಯಾಲೆಂಡರ್ ತೆಗೆದೆ. ಅಡುಗೆಮನೆ ಮೇಜಿನ ಮೇಲೆ ಇಟ್ಟೆ. ಡಿಗ್ರಿಯನ್ನು ದಪ್ಪ ನಿಘಂಟಿನ ಕೆಳಗೆ ಇಟ್ಟಿದ್ದೇನೆ, ಮಡಿಕೆ ಹೋಗಲಿ ಅಂತ.

ರಾತ್ರಿ ಊಟ ಮಾಡುವಾಗ ನೆನಪಾಯಿತು. ಫಾರ್ಮಿನ ಎರಡನೇ ಟಿಕ್.

ಫೆಬ್ರವರಿ 14, ಶುಕ್ರವಾರ

ರಿಜಿಸ್ಟ್ರಾರ್ ಆಫೀಸು. ಕರ್ಟ್ ವಾಸಿಂಗರ್. ಇವನ ಅಪ್ಪನ ಗೋಧಿಯನ್ನು ಇಪ್ಪತ್ತು ವರ್ಷ ತೂಗಿದ್ದೇನೆ. ಅಪ್ಪ ತೇವದ ಗೋಧಿ ತಂದು ಒಣಗಿದ್ದು ಅನ್ನುವ ಮನುಷ್ಯ, ಮಗ ಹಾಗಲ್ಲ.

"ನಾನು ಕೇಳಿರಲಿಲ್ಲವಲ್ಲ ಇದನ್ನ," ಅಂದೆ.

"ಕೇಳಬೇಕಾಗಿಲ್ಲ ಮಿಸ್ಟರ್ ಪ್ರೂಯಿಟ್. ಅದೇ ಈ ಯೋಜನೆ ವಿಶೇಷ. ಕಂಪ್ಯೂಟರೇ ಹುಡುಕಿ ಕೊಡುತ್ತೆ. ನಾನೂರ ಹನ್ನೆರಡು ಜನಕ್ಕೆ ಕೊಟ್ಟಿದ್ದೀವಿ. ಅದರಲ್ಲಿ ಆರು ಜನ ಸತ್ತೋಗಿದ್ರು. ಬದುಕಿದ್ದೋರಲ್ಲಿ ಬಂದು ಕಂಪ್ಲೇಂಟ್ ಮಾಡಿದೋರು ನೀವೇ ಮೊದಲು."

"ವಾಪಸ್ ತಗೋಬಹುದಾ?"

ಕರ್ಟ್ ಕನ್ನಡಕ ತೆಗೆದ. "ಡಿಗ್ರೀನಾ?"

ಎಲ್ಲ ಹೇಳಿದೆ. ಎಲೆಕ್ಷನ್, ಟಿಕ್, ಬೀಗ. ಡಿಗ್ರಿ ಇದ್ದವನು ಸಂಘದಲ್ಲಿ ಹಳೇ ವಿದ್ಯಾರ್ಥಿ. ನಿಲ್ಲುವ ಹಾಗಿಲ್ಲ, ಮಂಗಳವಾರದ ಮೀಟಿಂಗ್‌ನಲ್ಲಿ ಕೈ ಎತ್ತುವ ಹಾಗೂ ಇಲ್ಲ. ಅವನು ಡ್ರಾಯರ್‌ನಲ್ಲಿ ಬಹಳ ಹೊತ್ತು ಹುಡುಕಿದ. ನಿರಾಕರಣೆಯ ಫಾರ್ಮ್ ಅಂತ ಒಂದಿದೆಯಂತೆ. ಅವನೂ ಇವತ್ತೇ ನೋಡಿದ್ದು.

"ಆದ್ರೆ ಕೇಳಿ. ಹಳೇ ಕ್ರೆಡಿಟ್ ಒಪ್ಪಿಕೊಂಡಿರೋದು ಇದೊಂದು ಸಲಕ್ಕೆ ಮಾತ್ರ. ನೀವು ಬೇಡ ಅಂದ್ರೆ ಆ ಐವತ್ತೊಂದು ಹೋಯ್ತು. ಮತ್ತೆ ಬರಲ್ಲ. ಉಳಿಯೋದು ಒಂಬತ್ತು."

"ಯಾವತ್ತಿನೊಳಗೆ?"

"ಇಪ್ಪತ್ತೆಂಟು, ಐದು ಗಂಟೆ. ಮಿಸ್ಟರ್ ಪ್ರೂಯಿಟ್... ಮಲಗೆದ್ದು ಯೋಚ್ನೆ ಮಾಡಿ."

ಎರಡು ವಾರದ ನಿದ್ದೆ ಇದೆ.

ಫೆಬ್ರವರಿ 18, ಮಂಗಳವಾರ

ಮೀಟಿಂಗ್‌ಗೆ ಮುಂಚೆ ಇಬ್ಬರಿಗೂ ಹೇಳಿದೆ, ರೂಥಾನ್‌ಗೂ ಮರಿಸೆಲಾಗೂ. ಡಿಗ್ರಿ ಬಂದದ್ದು ಹೇಳಿದೆ. ಐವತ್ತೊಂದು ಹೋಗುವ ವಿಷಯ ಮರಿಸೆಲಾ ಎದುರು ಹೇಳಲಿಲ್ಲ. ಅವಳು ಹೋದ ಮೇಲೆ ರೂಥಾನ್‌ಗೆ ಮಾತ್ರ.

ಮರಿಸೆಲಾ: "ಲಕೋಟೆ ಒಡೆದ್ರಾ?"

"ಒಡೆದೆ."

"ಯಾಕ್ ಒಡೆದ್ರಿ! ಒಡೀದೆ ಇಟ್ಟಿದ್ರೆ ಗೊತ್ತೇ ಇರ್ತಿರಲಿಲ್ಲ. ಎಲೆಕ್ಷನ್ ಮುಗಿಸಿ ಮಾರ್ಚ್ ಇಪ್ಪತ್ಮೂರಕ್ಕೆ ಒಡೀಬಹುದಿತ್ತು. ಅಂಟಿಸಿಬಿಡಿ ಮತ್ತೆ."

"ಮರಿಸೆಲಾ," ಅಂದರು ರೂಥಾನ್, "ಈ ಸಂಘದ ಹೆಸರು ಏನು ಹೇಳು ನೋಡೋಣ."

"ಆನರ್... ಗೊತ್ತು ಮೇಡಂ. ಸುಮ್ನೆ ಅಂದೆ." ನನ್ನ ಕಡೆ ತಿರುಗಿದಳು. "ಇನ್ನೂರು ಬ್ಯಾಡ್ಜ್ ಮಾಡಿಸಿದ್ದೀನಿ. ಇನ್ನೂ ಮುಗಿಸಿಲ್ಲ ಅಂತ. ನೀವು ಹೋಗಿ ಮುಗಿಸಿಕೊಂಡು ಬಂದಿದ್ದೀರ."

ಆಮೇಲೆ ಇಬ್ಬರೇ ಇದ್ದಾಗ ರೂಥಾನ್ ಹೇಳಿದರು, "ಡೆಲ್ಮರ್, ನಾನು ಯಾವ ಕಡೆಗೂ ಹೇಳಲ್ಲ. ಆದರೆ ಅದು ಎರಡು ವರ್ಷದ ಓದು."

"ನಲವತ್ತೊಂಬತ್ತು ವರ್ಷ ಅದು ಇಲ್ಲದೇ ಇದ್ದೆ."

"ಅದು ವಾದ ಅಲ್ಲ," ಅಂದರು. ಪ್ರಬಂಧ ಬರೆಯೋದು ಕಲಿಸುವ ಟೀಚರ್. ನಿಜ, ವಾದ ಅಲ್ಲ. ಥೀಸಿಸ್ ಸ್ಟೇಟ್‌ಮೆಂಟೇ ಇಲ್ಲ.

ಫೆಬ್ರವರಿ 20, ಗುರುವಾರ

ಮೈನಸ್ ಎರಡು. ಕೆಫೆಯಲ್ಲಿ ಲೈಲ್ ಡ್ರೈಲಿಂಗ್. ಶಾಲೆಯಿಂದಲೂ ಗೆಳೆಯ. ಬನ್ನಿನಂಥ ಬಿಸಿ ಬಿಸ್ಕತ್ತಿನ ಮೇಲೆ ಗ್ರೇವಿ ಸುರಿದುಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡ.

"ಅಂದ್ರೆ ಶಾಲೆಯಿಂದ ನಿನ್ನ ಬಿಟ್ಟುಬಿಟ್ಟಿದ್ದಾರೆ, ನೀನು ವಾಪಸ್ ಒಳಗೆ ಹಾಕಿ ಅಂತ ಅರ್ಜಿ ಕೊಡ್ತಿದ್ದೀಯ."

"ಹೂಂ."

"ಜೈಲಿನಲ್ಲಾದ್ರೆ ತಲೆ ಕೆಟ್ಟಿದೆ ಅಂತಾರೆ."

"ಇಲ್ಲೂ ಅಂತಾರೆ."

"ಗೆದ್ರೆ ಏನು ಕೊಡ್ತಾರೆ?"

"ಕೋಟಿಗೆ ಒಂದು ಪಿನ್ನು. ಒಂದು ವರ್ಷ."

ತಿಂದು ಮುಗಿಸಿದ. ಬಾಯಿ ಒರೆಸಿಕೊಂಡ. "ಡೆಲ್, ನೀನು ಕಣಜದಲ್ಲಿ ಫೋರ್‌ಮನ್ ಆದಾಗ ಯಾರಾದ್ರೂ ಕೈ ಎತ್ತಿದ್ರೇನೋ?"

"ಇಲ್ಲ. ಮುಂಚಿನ ಫೋರ್‌ಮನ್ ವಾಲ್ಟ್ ಸತ್ತ. ನಾನಾದೆ."

"ಹೂಂ," ಅಂದ. ಅಷ್ಟೇ. ಮತ್ತೆ ಬೇಸಿಗೆಯ ಗೋಧಿ ವಿಷಯಕ್ಕೆ ಬಂದ.

ಫೆಬ್ರವರಿ 23, ಭಾನುವಾರ

ಚರ್ಚ್ ಆದ ಮೇಲೆ ಕೊಲೀನ್ ಫೋನ್. ಮಗಳು, ವಿಚಿಟಾದಲ್ಲಿ ನರ್ಸು. ಹೇಳಬಾರದಿತ್ತು, ಹೇಳಿದೆ.

"ಅಪ್ಪಾ, ಅಮ್ಮ ಆ ಕಾಗದಕ್ಕೋಸ್ಕರ ಅತ್ತಿದ್ದಾಳೆ. ನಿನಗೆ ಗೊತ್ತಾ? ನನ್ನ ಗ್ರ್ಯಾಜುಯೇಷನ್ ದಿನ. ಬಾತ್‌ರೂಮ್‌ನಲ್ಲಿ. ನಿನ್ನದು ಇಲ್ಲ ಅಂತ."

ಗೊತ್ತಿರಲಿಲ್ಲ.

"ಈಗ ಅದು ಮನೆಗೆ ಬಂದಿದೆ, ತಾನಾಗೇ. ನೀನು ಒಂದು ಕ್ಲಬ್‌ನ ಪಿನ್‌ಗೋಸ್ಕರ ಅದನ್ನ ವಾಪಸ್ ಕೊಡ್ತೀನಿ ಅಂತೀಯ. ಹತ್ತೊಂಬತ್ತು ವರ್ಷದ ಮಕ್ಕಳ ಜೊತೆ."

"ಮುಗಿಸ್ತೀನಿ ಅಂತ ಅವಳಿಗೆ ಹೇಳಿದ್ದೆ."

"ಅದನ್ನೇ ನಾನೂ ಹೇಳ್ತಿರೋದು!"

ಅವಳ ಅಡುಗೆಮನೆಯಲ್ಲಿ ನೀರು ಬೀಳುವ ಸದ್ದು. ಅವಳಮ್ಮನೂ ಹಾಗೇ, ಸಿಟ್ಟು ಬಂದರೆ ನಲ್ಲಿ ಬಿಡುತ್ತಿದ್ದಳು.

"ಔಷಧಿ ತಗೊಂಡ್ಯಾ?" ಅಂದಳು.

"ತಗೊಂಡೆ."

ತಗೊಂಡಿರಲಿಲ್ಲ. ಆಮೇಲೆ ತಗೊಂಡೆ.

ಡಿಗ್ರಿ ತೆಗೆದು ನೋಡಿದೆ. ಮಡಿಕೆ ಹೆಚ್ಚುಕಡಿಮೆ ಹೋಗಿದೆ. ಒಂದು ವಿಷಯ ಬರೆದಿಡಬೇಕು. ಇದನ್ನು ನಾನು ಮುಗಿಸಿಲ್ಲ. ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಮುಕ್ಕಾಲು ಮಾಡಿ ಹೋದ, ಉಳಿದದ್ದನ್ನು ಕಂಪ್ಯೂಟರ್ ಕೂಡಿಸಿತು. ನಡೀನ್ ಇದ್ದಿದ್ದರೆ ಇದರ ಮೇಲೂ ಪೆನ್ಸಿಲ್ ಗುಂಡು ಹಾಕುತ್ತಿದ್ದಳೋ ಏನೋ. ಅಥವಾ ಅಂಗಡಿಗೆ ಓಡಿ ಫ್ರೇಮ್ ತರುತ್ತಿದ್ದಳೋ. ಎರಡನೆಯದೇ ಹೆಚ್ಚು ಸಂಭವ. ನನಗೆ ಬೇಕಾದ್ದನ್ನು ಅವಳ ಬಾಯಲ್ಲಿ ಹಾಕಬಾರದು.

ಫೆಬ್ರವರಿ 28, ಶುಕ್ರವಾರ

ಐವತ್ತೈದು ಡಿಗ್ರಿ. ದಕ್ಷಿಣದ ಗಾಳಿ ಜೋರು.

4:40ಕ್ಕೆ ಸಹಿ ಮಾಡಿದೆ. ಕರ್ಟ್ ಎರಡು ಸಲ ಕೇಳಿದ. ಡಿಗ್ರಿ ವಾಪಸ್ ಕೊಡಬೇಕಂತೆ, ಕೊಟ್ಟೆ. "ನಿಘಂಟಿನ ಕೆಳಗೆ ಇಟ್ಟಿದ್ದೆ, ಮಡಿಕೆ ಹೋಗಿದೆ," ಅಂದೆ. ಯಾಕೆ ಹೇಳಿದೆನೋ. ಮರಿಸೆಲಾಗೆ ಇಷ್ಟೇ ಹೇಳಿದೆ: ಡಿಗ್ರಿ ಸದ್ಯಕ್ಕೆ ವಾಪಸ್, ನಿಲ್ಲಬಹುದು.

ಲೆಕ್ಕ ಹಾಕಿದೆ. ಈ ಟರ್ಮ್ ಆರು ಸೇರಿ ಹದಿನೈದು. ಉಳಿದದ್ದು ನಲವತ್ತೈದು. ವರ್ಷಕ್ಕೆ ಹನ್ನೆರಡರಂತೆ ನಾಲ್ಕು ವರ್ಷಕ್ಕೆ ಸ್ವಲ್ಪ ಕಮ್ಮಿ. ಎಪ್ಪತ್ಮೂರು.

ಮುಗಿಸ್ತೀನಿ ಅಂದಿದ್ದೆ. ಯಾವಾಗ ಅಂತ ಹೇಳಿರಲಿಲ್ಲ.

ಕ್ಯಾಲೆಂಡರ್ ವಾಪಸ್ ಮೊಳೆಗೆ.

ಮಾರ್ಚ್ 21, ಶುಕ್ರವಾರ. ಸಲೈನಾ, ಹೋಟೆಲು

ರಾಜ್ಯ ಸಮಾವೇಶಕ್ಕೆ ಇಪ್ಪತ್ತು ಕಾಲೇಜಿನಿಂದ ಮುನ್ನೂರು ಮಕ್ಕಳು. ಕಾರಿಡಾರ್ ತುಂಬ ಬಲೂನು. ಟ್ಯಾನರ್ ಫೋಲ್ಕ್ ಕೈ ಕುಲುಕಿ "ಗುಡ್ ಲಕ್ ಸರ್" ಅಂದ. ಒಳ್ಳೇ ಹುಡುಗ. ಹಲ್ಲಿನ ವಿಷಯ ನಿಜ. ಒಂದು ಚಾಕಲೇಟ್ ಕೊಟ್ಟ. ತಿಂದೆ.

ಸಂಜೆ ಕಾಲೇಜು ಕಾಲೇಜಿನ ಕೋಣೆಗೆ ಹೋಗಿ ಐದೈದು ನಿಮಿಷ ಮಾತು. ಒಂದು ಕಡೆ ಒಬ್ಬ ಕೇಳಿದ, "ಸರ್, ಬೇಜಾರ್ ಮಾಡ್ಕೋಬೇಡಿ. ವರ್ಷದ ಮಧ್ಯೆ ನೀವು ಸತ್ತುಹೋದ್ರೆ?"

ಮರಿಸೆಲಾ ಬಾಯಿ ತೆರೆದಳು. ನಾನು ಮೊದಲು ಹೇಳಿದೆ, "ಉಪಾಧ್ಯಕ್ಷ ತೀರಿಕೊಂಡರೆ ಎರಡನೇ ಸ್ಥಾನ ಬಂದವರು ಆಗ್ತಾರೆ. ನಿಯಮ ಹನ್ನೊಂದು. ಹಾಗಾಗಿ ನನಗೆ ಹಾಕಿದರೆ ಇಬ್ಬರು ಸಿಕ್ಕಿದ ಹಾಗೆ."

ಕೋಣೆ ಪೂರ್ತಿ ನಕ್ಕಿತು. ಆ ಕಾಲೇಜು ನಮ್ಮದು ಅಂದಳು ಮರಿಸೆಲಾ. ಕಾಲೇಜಿಗೆ ಒಂದೇ ವೋಟು. ಅವಳ ಲೆಕ್ಕದಲ್ಲಿ ಹತ್ತು ನಮ್ಮ ಕಡೆ, ನಮ್ಮದೂ ಸೇರಿ. ನಮ್ಮ ವೋಟಿನ ಹಳದಿ ಕಾರ್ಡ್ ಅವಳ ಕೊರಳಲ್ಲಿ.

ಮಾರ್ಚ್ 22, ಶನಿವಾರ

ಸೋತೆ. ಹತ್ತು — ಒಂಬತ್ತು.

ಇಪ್ಪತ್ತು ಕಾಲೇಜು, ವೋಟು ಹತ್ತೊಂಬತ್ತು. ಬೀಳದೇ ಹೋದದ್ದು ನಮ್ಮದು.

ಭಾಷಣಕ್ಕೆ ಹತ್ತು ನಿಮಿಷ ಇದ್ದಾಗ ಜೇಬು ಮುಟ್ಟಿ ನೋಡಿದೆ. ಕನ್ನಡಕ ಇಲ್ಲ. ಗಾಡಿಯಲ್ಲಿ ಬಿಟ್ಟಿದ್ದೆ. "ಓಡಿ ತರ್ತೀನಿ," ಅಂದಳು ಮರಿಸೆಲಾ. "ಬೇಗ ಬಾ," ಅಂದೆ. ಗಾಡಿ ಎಲ್ಲಿ ನಿಲ್ಲಿಸಿದ್ದು ಅಂತ ತಪ್ಪು ಹೇಳಿದೆ. ಪೂರ್ವದ ಕಡೆ ಅಂದೆ, ನಿಲ್ಲಿಸಿದ್ದು ಪಶ್ಚಿಮಕ್ಕೆ. ಮೂವತ್ತೆಂಟು ವರ್ಷ ಗಾಳಿಯ ದಿಕ್ಕು ಬರೆದವನು.

ನನ್ನ ಸರದಿ ಬಂತು. ಕಾಗದ ಕೈಯಲ್ಲಿ, ಅಕ್ಷರ ಇರುವೆ ಸಾಲು. ಮಡಚಿ ಜೇಬಿಗೆ ಹಾಕಿ ಸುಮ್ಮನೆ ಹೇಳಿದೆ. ಒಂದು ಕಾರು, ಒಳಗೆ ದೀಪ, ಸ್ಟಿಯರಿಂಗ್ ಮೇಲೆ ಪುಸ್ತಕ. ಬೆಳಗ್ಗೆ ಆರಕ್ಕೆ ಮುದುಕರಿಗೆ ಸ್ನಾನ ಮಾಡಿಸಿ, ಮಧ್ಯಾಹ್ನ ಕ್ಲಾಸಿಗೆ ಕೂತು, ಸಂಜೆ ಹದಿನೈದು ಡಿಗ್ರಿಯಲ್ಲಿ ಎಕ್ಸ್ ಎಷ್ಟು ಅಂತ ಹುಡುಕುವ ಹುಡುಗಿ. ಪಕ್ಕದಲ್ಲೇ ಬಿಸಿಯಾದ ಕೋಣೆ, ಬಾಗಿಲಿಗೆ ಬೀಗ. "ಕೀಲಿ ನನಗೆ ಕೊಡಿ ಅಂತ ಕೇಳೋಕೆ ನಿಂತಿದ್ದೀನಿ, ಅಷ್ಟೇ," ಅಂದೆ. ಕೂತೆ. ಚಪ್ಪಾಳೆ ಬಂತು. ಕೆಲವರು ಎದ್ದರು.

ಕೂಡಲೇ ವೋಟು. ಕಾಲೇಜುಗಳ ಹೆಸರು ಕೂಗಲು ಶುರು ಮಾಡುವಾಗ ಬಾಗಿಲು ಮುಚ್ಚುತ್ತಾರೆ, ಮುಗಿಯುವವರೆಗೆ ತೆರೆಯುವುದಿಲ್ಲ. ನಿಯಮ. ಕಾರ್ಡ್ ಇದ್ದವರು ಒಳಗಿರಬೇಕು. ನಮ್ಮ ಹೆಸರು ಕೂಗಿದರು. ಇನ್ನೊಮ್ಮೆ ಕೂಗಿದರು. ಬಾಗಿಲಿನ ಸಣ್ಣ ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು. ಕೈಯಲ್ಲಿ ನನ್ನ ಕನ್ನಡಕ. ಕೊರಳಲ್ಲಿ ಹಳದಿ ಕಾರ್ಡ್.

ಅವಳು ಒಳಗಿದ್ದರೆ ಹತ್ತು — ಹತ್ತು. ಮತ್ತೊಂದು ಸುತ್ತು. ಅದರಲ್ಲಿ ಏನಾಗುತ್ತಿತ್ತೋ ಯಾರಿಗೆ ಗೊತ್ತು.

ವಾಪಸ್ ಬರುವಾಗ ಎರಡೂವರೆ ಗಂಟೆ ದಾರಿ. ಅವಳು ಕಿಟಕಿ ಕಡೆ ತಿರುಗಿ ಕೂತಿದ್ದಳು.

"ಸಾರಿ, ಮಿಸ್ಟರ್ ಡಿ."

"ದಿಕ್ಕು ತಪ್ಪು ಹೇಳಿದೋನು ನಾನು."

ಬಹಳ ದೂರ ಬಂದ ಮೇಲೆ: "ಏನ್ ಹೇಳಿದ್ರಿ ಭಾಷಣದಲ್ಲಿ?"

"ಗೋಧಿ ವಿಷಯ."

"ಸದ್ಯ, ಕೇಳಿಸ್ಕೊಳ್ಳೋದು ತಪ್ಪಿತು."

ನಕ್ಕಳು. ಸ್ವಲ್ಪ ಅತ್ತಳು ಕೂಡ. ರಸ್ತೆ ನೋಡುತ್ತಿದ್ದೆ.

ಮಾರ್ಚ್ 25, ಮಂಗಳವಾರ

ಮರಿಸೆಲಾಗೆ ಗೊತ್ತಾಗಿಬಿಟ್ಟಿದೆ. ರೂಥಾನ್ ಹೇಳಿದ್ದಲ್ಲ. ಅವಳು ಯುನಿವರ್ಸಿಟಿಗೆ ಸೇರುವ ಟ್ರಾನ್ಸ್‌ಫರ್ ಕಾಗದಕ್ಕೆ ರಿಜಿಸ್ಟ್ರಾರ್ ಹತ್ತಿರ ಹೋದಾಗ ಕರ್ಟ್ ಕೇಳಿದನಂತೆ, "ಗೆದ್ರಾ ಪ್ರೂಯಿಟ್? ಐವತ್ತೊಂದು ಕ್ರೆಡಿಟ್ ಬಿಟ್ಟುಕೊಟ್ರಲ್ಲ ಪಾಪ."

ಕ್ಯಾಂಟೀನ್‌ನಲ್ಲಿ ನನ್ನೆದುರು ಕೂತಳು. ತಟ್ಟೆ ಸರಿಸಿದಳು.

"ಯಾಕ್ ಹೇಳಲಿಲ್ಲ?"

"ಹೇಳಿದ್ರೆ ನಿಲ್ಲೋಕೆ ಬಿಡ್ತಿದ್ಯಾ?"

"ಇಲ್ಲ."

"ಅದಕ್ಕೇ."

"ನಿಮಗೆ ತಲೆ ಇದೆಯಾ? ನಮ್ಮಮ್ಮನಿಗೆ ಹೇಳಿದ್ರೆ ನಿಮ್ಮ ಮನೆಗೇ ಬಂದು ಬೈತಾಳೆ. ನನಗೆ ಆ ಡಿಗ್ರಿ ಸಿಗೋಕೆ ಇನ್ನೂ ಆರು ವಾರ ಇದೆ, ದಿನಾ ಎಣಿಸ್ತೀನಿ. ನೀವು ಬಂದದ್ದನ್ನ ಕೊಟ್ಟಿದ್ದೀರ. ಒಂದು ಕೋಣೆಗೋಸ್ಕರ. ಅದೂ ಸಿಗಲಿಲ್ಲ."

"ಕೋಣೆಗೋಸ್ಕರ ಮಾತ್ರ ಅಲ್ಲ."

"ಮತ್ತೆ?"

ಹೇಳಲು ಹೋದೆ. ಮಂಗಳವಾರ ನಾಲ್ಕು ಗಂಟೆ ಅಂತ ಒಂದು ಇರೋದು. ಎದ್ದು ಕಾಫಿಗೆ ಹೋದರೆ ಹಿಂದಿನಿಂದ ಯಾರಾದರೂ ಹೆಸರು ಹೇಳೋದು. "ರೋಲ್ ತಣ್ಣಗಾಗ್ತಿದೆ," ಅಂದೆ.

ಅವಳು ನನ್ನ ರೋಲ್ ಅರ್ಧ ಮುರಿದು ತಿಂದಳು. ಸಿಟ್ಟಿನಲ್ಲೇ.

ಏಪ್ರಿಲ್ 15, ಮಂಗಳವಾರ

ಅರವತ್ತೆಂಟು ಡಿಗ್ರಿ. ಗೋಧಿ ಹಸಿರಾಗಿದೆ, ಕಾಲೇಜಿನ ಹಿಂದಿನ ಹೊಲ ಪೂರ್ತಿ.

ರೂಥಾನ್ ನನ್ನ ಭಾಷಣ ಬರೆದುಕೊಂಡಿದ್ದರಂತೆ, ನೆನಪಿನಿಂದ. ಡೀನ್‌ಗೆ ಕೊಟ್ಟಿದ್ದಾರೆ. ಮರಿಸೆಲಾಗೂ ಒಂದು ಪ್ರತಿ. ಅವಳು ಅದನ್ನು ಓದಿ ಮಡಚಿ ಬ್ಯಾಗಿಗೆ ಹಾಕಿದಳು. "ಗೋಧಿ ವಿಷಯ," ಅಂದಳು. ಅಷ್ಟೇ ಅಂದದ್ದು.

ಡೀನ್ ಕೋಣೆ ತೆರೆಯಲು ಒಪ್ಪಿದ್ದಾರೆ. ಷರತ್ತು: ಮಂಗಳವಾರ, ಗುರುವಾರ ಮಾತ್ರ. ಸಂಜೆ ಐದರಿಂದ ಒಂಬತ್ತು. ಸೆಪ್ಟೆಂಬರ್‌ನಿಂದ. ಸಿಬ್ಬಂದಿ ಕೊಡಲಿಕ್ಕಾಗುವುದಿಲ್ಲ. ಕೀಲಿ ಸಂಘದ ಸದಸ್ಯರೊಬ್ಬರ ಹತ್ತಿರ ಇರಬೇಕು, ಆ ಟರ್ಮಿನಲ್ಲಿ ಓದುತ್ತಿರುವವರು, ಹಳೇ ವಿದ್ಯಾರ್ಥಿ ಅಲ್ಲ. ಪೂರ್ತಿ ಹೊತ್ತು ಅವರು ಕೋಣೆಯಲ್ಲಿ ಇರಬೇಕು.

ರೂಥಾನ್ ಮೇಜಿನ ಸುತ್ತ ನೋಡಿದರು. ಎಂಟು ಜನರಲ್ಲಿ ಐವರು ಮೇ ತಿಂಗಳಿಗೆ ಡಿಗ್ರಿ ತಗೊಂಡು ಹೋಗುವವರು. ಮೂವರಿಗೆ ಶಿಫ್ಟು.

"ಎದ್ದೇಳಿ ಮಿಸ್ಟರ್ ಡಿ," ಅಂದಳು ಮರಿಸೆಲಾ, "ಕಾಫಿ ಹಾಕ್ಕೊಳ್ಳಿ."

ಎಲ್ಲ ಕೈ ಎತ್ತಿದರು. ಎಣಿಸಿದೆ. ಎಂಟು.

ಸೆಪ್ಟೆಂಬರ್ 2, ಮಂಗಳವಾರ

ಯಾರೂ ಬರಲಿಲ್ಲ. ಆಲ್ಜೀಬ್ರಾ ಮಾಡಿದೆ. ತಪ್ಪು.

ಸೆಪ್ಟೆಂಬರ್ 4, ಗುರುವಾರ

ಯಾರೂ ಇಲ್ಲ. ಗುಡಿಸುವ ಡ್ವೇನ್ ಬಂದು ಹತ್ತು ನಿಮಿಷ ಕೂತ. ಮೊಣಕಾಲಿನ ಬಗ್ಗೆ ಮಾತಾಡಿದೆವು.

ಸೆಪ್ಟೆಂಬರ್ 21, ಭಾನುವಾರ

ಕೊಲೀನ್ ಬಂದಿದ್ದಳು. ನಡುಮನೆಯಲ್ಲಿ ಕ್ಯಾಲೆಂಡರ್ ನೋಡಿ ನಿಂತಳು. ಹೋದ ಮೇಲೆ ನೋಡಿದರೆ ಕ್ಯಾಲೆಂಡರ್‌ನ ಹಿಂದೆ ಖಾಲಿ ಫ್ರೇಮ್. ಅಂಗಡಿಯ ಚೀಟಿ ಹಾಗೇ ಇದೆ. ಹಿಂದೆ ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ: 2029ರೊಳಗೆ. ಔಷಧಿ ತಪ್ಪಿಸಬೇಡ.

ಅಕ್ಟೋಬರ್ 7, ಮಂಗಳವಾರ. ಸಂಜೆ 7:40

ನಲವತ್ತೊಂಬತ್ತು ಡಿಗ್ರಿ, ಉತ್ತರದ ಗಾಳಿ ಶುರು. ಹೀಟರ್ ಹಾಕಿದ್ದಾರೆ. ಕಾಫಿ ಇಳಿಸಿದ್ದೇನೆ, ಆರು ಲೋಟಕ್ಕೆ ಸಾಕು. ಕಳೆದ ವಾರ ಇಬ್ಬರು ಬಂದಿದ್ದರು, ಒಬ್ಬಳು ನಿದ್ದೆ ಮಾಡಿದಳು. ಅದೂ ಲೆಕ್ಕಕ್ಕೆ ಬರುತ್ತೆ ಅಂತ ಬರೆದುಕೊಂಡೆ. ಇವತ್ತು ಇನ್ನೂ ಯಾರೂ ಇಲ್ಲ.

ಮರಿಸೆಲಾ ದೊಡ್ಡ ಯುನಿವರ್ಸಿಟಿಯಿಂದ ಫೋಟೋ ಕಳಿಸಿದ್ದಾಳೆ. ಅಲ್ಲಿನ ಲೈಬ್ರರಿಗೆ ಬೀಗವೇ ಹಾಕುವುದಿಲ್ಲವಂತೆ. ಕೋಟಿಗೆ ಬ್ಯಾಡ್ಜ್ ಚುಚ್ಚಿಕೊಂಡಿದ್ದಾಳೆ. ಅವಳು ಮುಗಿಸಿದವಳು, ಅವಳು ಹಾಕಿಕೊಳ್ಳುವ ಹಾಗಿಲ್ಲ. ಬರೆದು ಕಳಿಸಬೇಕು.

ಎಕ್ಸ್ ಮೈನಸ್ ಏಳು ಬರುತ್ತಿದೆ. ಪುಸ್ತಕದ ಹಿಂದೆ ನೋಡಿದರೆ ಏಳು. ಎಲ್ಲೋ ಒಂದು ಗೆರೆ ಬಿಟ್ಟಿದ್ದೇನೆ —

ಕಿಟಕಿ ಹೊರಗೆ ಪಾರ್ಕಿಂಗ್‌ನ ಆ ತುದಿಯಲ್ಲಿ ಒಂದು ಕಾರು. ಹತ್ತು ನಿಮಿಷದಿಂದ ಇದೆ. ಒಳಗೆ ದೀಪ. ಸ್ಟಿಯರಿಂಗ್ ಮೇಲೆ ಏನೋ ಆನಿಸಿದೆ. ಕೋಣೆ ತೆರೆದಿದೆ ಅನ್ನುವ ಬೋರ್ಡ್ ಕಾಣಲಿಲ್ಲವೋ, ಮುದುಕನನ್ನು ನೋಡಿ ಬೇರೇನೋ ಅಂದುಕೊಂಡರೋ.

ಕೀಲಿ ಇಟ್ಟುಕೊಂಡವನು ಕೋಣೆ ಬಿಟ್ಟು ಹೋಗಬಾರದು. ಡೀನ್ ನಿಯಮ. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತೆ ಬೇರೆ. ಕುರ್ಚಿ ಅಡ್ಡ ಇಟ್ಟೆ. ಕಾಫಿ ಎರಡು ಲೋಟ. ಆ ಕಾರು ನಿಂತಿರೋದು ಪಶ್ಚಿಮಕ್ಕೆ, ಈ ಸಲ ಸರಿಯಾಗಿ ನೋಡಿಕೊಂಡಿದ್ದೇನೆ. ಹೋಗಿ ಗಾಜು ತಟ್ಟಿ, ಒಳಗೆ ಕೂರಬಾರದಾ ಅಂತ —